ಮುಚ್ಚಳವಿಲ್ಲದ ಪಾತ್ರೆ

ಮೇ ತಿಂಗಳ ಮೂರನೇ ಶನಿವಾರ ನಾವು ಕಲ್ಲು ತೊಳೆಯುತ್ತೇವೆ.
ಸೋಪು ಕೂಡದು, ತಂತಿಯ ಬ್ರಷ್ಷು ಕೂಡದು,
ಬರೀ ನೀರು, ಮೆತ್ತನೆ ಕೂದಲಿನ ಕುಂಚ,
ಕೆಳಗಿನಿಂದ ಮೇಲಕ್ಕೆ.
ಮಗುವಿನ ಕಿವಿ ಹಿಂದೆ ತೊಳೆದ ಹಾಗೆ, ನೋಡು, ಹಾಗೆ,
ಎನ್ನುತ್ತಾಳೆ ವಿನಿಫ್ರೆಡ್ ಸ್ಟ್ಯಾನರ್ಡ್
ಮಡಿಸುವ ಕುರ್ಚಿಯಲ್ಲಿ ಕೂತು, ಎಂಬತ್ತಾರು ದಾಟಿದವಳು,
ನಮ್ಮ ಸಂಘದ ದಾಖಲೆಗಳ ದ್ವಾರಪಾಲಕಿ.

ವರ್ಮಾಂಟಿನ ಈ ದಿಬ್ಬದಲ್ಲಿ ಮಲಗಿದ
ಕ್ರಾಂತಿಯ ಸಿಪಾಯಿಗಳು ಹನ್ನೊಂದು ಮಂದಿ.
ಹತ್ತು ಜನಕ್ಕೆ ಕಂಚಿನ ಗುರುತು ನೆಟ್ಟಾಗಿದೆ.
ಇವತ್ತಿನ ಸರದಿ ಅಸಾಹೆಲ್ ಬಿಡ್‌ವೆಲ್‌ನದು,
ನನ್ನ ಅಜ್ಜಿಯ ಅಜ್ಜನ ಮುತ್ತಜ್ಜ.
ಹಾಗೆಂದು ರುಜುವಾತು ಮಾಡಲು ಆರು ವರ್ಷ ಹಿಡಿಯಿತು.
ಇಲ್ಲಿ ರಕ್ತವೊಂದೇ ಸಾಲದು, ರಕ್ತಕ್ಕೆ ರಸೀದಿ ಬೇಕು:
ಚರ್ಚಿನ ಪುಸ್ತಕದ ನಕಲು,
ಬೈಬಲ್ಲಿನ ಮೊದಲ ಹಾಳೆಯಲ್ಲಿ ಗೀಚಿದ ಹೆರಿಗೆಗಳು,
ಒಬ್ಬಳ ತವರಿನ ಹೆಸರಿದ್ದಲ್ಲಿ ಇಲಿ ಕಡಿದ ತೂತು.
ಆ ತೂತಿನೊಳಗೆ ನಾನು ಎರಡು ಚಳಿಗಾಲ ಕಳೆದೆ.

ಆರಿನ್ ಪೆಲ್ಕಿ ಮೂರು ಮೂಲೆಯ ಟೋಪಿ ಇಟ್ಟುಕೊಂಡು ಬಂದಿದ್ದಾನೆ.
ಬಾಡಿಗೆ ಕೋಟು, ಹೊಟ್ಟೆಯ ಮೇಲೆ ಗುಂಡಿ ಸೇರುವುದಿಲ್ಲ.
ಸೊಂಟದ ಚೀಲದಲ್ಲಿ ಕೋವಿಯ ಮದ್ದು,
ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮದ್ದು.
ಅದಲುಬದಲು ಮಾಡಬೇಡ ಮಾರಾಯ, ಎಂದಳು ಅವನ ಹೆಂಡತಿ.

ನನ್ನ ಭಾಷಣಕ್ಕೆ ಮೂರು ನಿಮಿಷ. ವಿಷಯ: ಶೌರ್ಯ.
ಕಾಗದವೆಲ್ಲ ಜಾಲಾಡಿದೆ, ಶೌರ್ಯ ಸಿಗಲಿಲ್ಲ.
ಒಂಬತ್ತು ತಿಂಗಳು ಕಂದಕ ತೋಡಿದ.
ಒಂದು ಕಾಳಗವನ್ನು
ನದಿಯ ಈಚೆ ದಡದಲ್ಲಿ ನಿಂತು ಕೇಳಿಸಿಕೊಂಡ.
ಎಡಗಾಲಿನ ಮೂರು ಬೆರಳನ್ನು ಹಿಮಕ್ಕೆ ಕೊಟ್ಟ.
ನಡೆದೇ ಮನೆಗೆ ಬಂದ.
ಕೈಗೆ ಬಂದ ಸಂಬಳದ ನೋಟು
ಒಂದು ಹೊತ್ತಿನ ಊಟಕ್ಕೆ ಬದಲಾಗಲಿಲ್ಲ.

ಆಮೇಲೆ, ಸಾವಿರದ ಎಂಟುನೂರ ಇಪ್ಪತ್ತರಲ್ಲಿ,
ಪಿಂಚಣಿ ಬೇಕಾದರೆ ಬಡವನೆಂದು ಆಣೆ ಇಡು ಎಂದಿತು ಸರ್ಕಾರ.
ಮುದುಕ ಕೋರ್ಟಿನಲ್ಲಿ ಟೋಪಿ ತೆಗೆದು ನಿಂತ.
ಉಟ್ಟ ಬಟ್ಟೆ, ಹಾಸಿಗೆ ಬಿಟ್ಟು
ಇದ್ದದ್ದನ್ನೆಲ್ಲ ಹೇಳಿದ. ಗುಮಾಸ್ತ ಬರೆದುಕೊಂಡ:

ಹಸು ಒಂದು, ಮುದಿ.
ಕೊಡಲಿ ಒಂದು. ಗುದ್ದಲಿ, ಕಾವು ಮುರಿದದ್ದು.
ಕಬ್ಬಿಣದ ಪಾತ್ರೆ ಒಂದು, ಮುಚ್ಚಳವಿಲ್ಲ.
ಚಮಚ ಮೂರು.
ಹೆಂಡತಿ ಥ್ಯಾಂಕ್‌ಫುಲ್, ಅರವತ್ತೊಂದು, ಕೀಲು ಹಿಡಿದಿದೆ.
ಮಗಳು ಮೆಹಿಟಬಲ್, ಮದುವೆಯಿಲ್ಲ, ಆಗಾಗ ಬುದ್ಧಿ ತಪ್ಪುತ್ತದೆ.
ಸಾಲ: ವೈದ್ಯನಿಗೆ, ಅಂಗಡಿಗೆ, ಸ್ವಂತ ತಮ್ಮನಿಗೆ.
ಸಹಿ ಇಲ್ಲ.
ಒಂದು ಗೀಟು, ಅದನ್ನು ಅಡ್ಡ ಹಾಯುವ ಇನ್ನೊಂದು ಗೀಟು.

ನಾನು ಅದನ್ನೇ ಓದಿದೆ.
ಹಸು ಮುದಿ ಎಂದಾಗ ಮಕ್ಕಳು ಕಿಸಕ್ಕೆಂದವು.
ಅಧ್ಯಕ್ಷೆ ಡೆಲ್ಫಿನ್ ಕಟಿಂಗ್‌ಳ ನಗು
ಎದೆಯ ಪದಕದಂತೆ ಪಿನ್ನು ಚುಚ್ಚಿಕೊಂಡು ಅಲ್ಲೇ ನಿಂತಿತು.
ಹೊಟ್ಟೆಗೆ ಹಿಟ್ಟು ಕೇಳಿದವನ ಜುಟ್ಟಿಗೆ
ಇನ್ನೂರು ವರ್ಷ ಕಳೆದು ಕಂಚಿನ ಹೂವು.
ತಂದವರಲ್ಲಿ ನಾನೂ ಒಬ್ಬಳು;
ತಿರುಪು ಬಿಗಿ ಮಾಡಿದ್ದು ಇದೇ ಕೈ.

ಮೂರು ಕೋವಿಗಳಲ್ಲಿ ಎರಡು ಹಾರಿದವು.
ಆರಿನ್‌ನದು ಟಿಕ್ಕೆಂದು ಸುಮ್ಮನಾಯಿತು.
ಎಲ್ಲಿಯದೋ ನಾಯಿ ಮಾತ್ರ
ಮೂರೂ ಹಾರಿದಂತೆ ಬೊಗಳಿತು.

ಎಲ್ಲರೂ ಚರ್ಚಿನ ನೆಲಮಾಳಿಗೆಗೆ, ಮೊಟ್ಟೆಯ ಸ್ಯಾಂಡ್‌ವಿಚ್ಚಿಗೆ ಇಳಿದರು.
ವಿನಿಫ್ರೆಡ್ ಏಳಲಿಲ್ಲ. ನನ್ನ ತೋಳು ಹಿಡಿದು ಕೇಳಿದಳು:
ಆ ಮುಚ್ಚಳ ಏನಾಯಿತು?
ಗೊತ್ತಿಲ್ಲ, ಅಂದೆ.
ಹುಡುಕು, ಅಂದಳು. ನಗುತ್ತಿರಲಿಲ್ಲ. ಎಲ್ಲೋ ಬರೆದಿಟ್ಟಿರುತ್ತಾರೆ.

ಬಕೆಟ್ಟಿನ ತಳದಲ್ಲಿ ಒಂದಿಷ್ಟು ನೀರು ಉಳಿದಿತ್ತು.
ಅವನ ಕಲ್ಲಿನ ಪಕ್ಕ, ತೇವ ಹಿಡಿದ ಹುಲ್ಲಿನ ಕೆಳಗೆ
ಮಣ್ಣು ಒಂದಾಳುದ್ದ ತಗ್ಗಾಗಿದೆ.
ಕಲ್ಲಿಲ್ಲ, ಹೆಸರಿಲ್ಲ.
ಅವಳಿಗೆ ಮಕ್ಕಳಿರಲಿಲ್ಲ,
ಅವಳನ್ನು ರುಜುವಾತು ಮಾಡುವವರು ಹುಟ್ಟಲಿಲ್ಲ.
ನೀರನ್ನು ಅಲ್ಲಿಗೆ ಹೊಯ್ದೆ.
ಮೂರನೆಯ ಚಮಚ ಅಲ್ಲಿದ್ದರೂ ಇದ್ದೀತು.