ಕೈ ಹಚ್ಚಬ್ಯಾಡ್ರಿ

ಕಲಬುರಗಿ ಗಂಜಿನ ದಾಲ್ ಮಿಲ್ಲಿಗೆ
ಹನ್ನೆರಡು ಮೆಟ್ಟಿಲು ಏರಿದರ ನನ್ನ ಖೋಲಿ.
ಕೆಳಗ ಯಂತ್ರ ಬ್ಯಾಳಿ ಒಡೀತದ,
ಮ್ಯಾಲ ನಾ ಕುಂತು ಲೆಕ್ಕ ಒಡೀತೀನಿ.
ಕೀಬೋರ್ಡಿನ ಸಂದ್ಯಾಗ ಹೊಟ್ಟು,
ಎಂಟರ್ ಒತ್ತಿದರ ಕರಕರ ಅಂತದ.

ಸಾವ್ಕಾರ ನೀಲಕಂಠಪ್ಪಗ ಬೇಕಾದದ್ದು ಇಷ್ಟೇ:
ಹನ್ನೊಂದು ಹೊಡದರ ಮಾರ್ಕೆಟ್ಟಿನ ದರ
ತೂಕದ ಕಟ್ಟಿ ಮ್ಯಾಲಿನ ಬೋರ್ಡಿಗೆ ತಾನಾಗೇ ಬರಬೇಕು.
ದಿನಾ ಫೋನ್ ಹಚ್ಚಿ "ರೇಟ್ ಏನ್ ನಡದದ" ಅಂತ
ಕೇಳಿ ಕೇಳಿ ಸಾಕಾಗಿತ್ತು ಅವರಿಗೆ.

ಇಲಾಖೆಯವರು ಒಂದು ನಕಾಶಿ ಕೊಟ್ಟರು,
ಬಾಗಿಲು ಎಲ್ಲದ, ಯಾವ ಪ್ರಶ್ನೆಗೆ ಯಾವ ಉತ್ತರ.
ಅದನ್ನ ಜನರೇಟರಿಗೆ ಉಣಿಸಿದೆ.
ಚಹಾ ಆರೂದ್ರಾಗ ಆರುನೂರಾ ಹನ್ನೆರಡು ಫೈಲು.

ಇನ್‌ಸ್ಟಾಲ್ ಅಂತ ಒಂದು ಸಾಲು ಬರದು ಒಬ್ಬನ್ನ ಕರದೆ,
ಬಂದವರು ನಲವತ್ತೊಂದು ಮಂದಿ.
ಬೀಗರು, ಬೀಗರ ಬೀಗರು, ಅವರ ಹಳೇ ಜಗಳ ಸುದ್ದಾ.
ಇಬ್ಬರು ಒಂದೇ ಪಂಕ್ತ್ಯಾಗ ಕೂಡೂದಿಲ್ಲ ಅಂದರು;
ಒಬ್ಬನ್ನ ಎರಡು ವರ್ಷ ಹಿಂದಕ್ಕ ಕಳಿಸಿ
ಸುಮ್ಮ ಕುಂದರಿಸಿದೆ.

ಪ್ರತಿ ಫೈಲಿನ ನೆತ್ತಿ ಮ್ಯಾಲ ಅದೇ ಮಾತು:
ಇದು ಯಂತ್ರ ಬರದದ್ದು. ಕೈ ಹಚ್ಚಬ್ಯಾಡ್ರಿ.
ಅಂಕಿತ ಇಲ್ಲ.
ರಾತ್ರಿ ಎರಡಕ್ಕ ಯಾರೋ ಬೈಕೋತ ಬರದಿಟ್ಟ ಟಿಪ್ಪಣಿ ಇಲ್ಲ.
ಅಷ್ಟು ಸಾಲಿನೊಳಗ ಒಂದು ಕೆಮ್ಮಿನ ಸಪ್ಪಳಿಲ್ಲ.

ಚಾವಿ ಹಾಕಿದೆ. ನಾನೂರಾ ಒಂದು ಅಂತು,
ಅಂದರ: ನೀ ಯಾರು?
ಮತ್ತೊಮ್ಮೆ ಹಾಕಿದೆ, ತೆರೀತು.
ಕಡಲಿ ಅದ, ಹೆಸರು ಅದ, ಉದ್ದು ಅದ,
ತೊಗರಿ ಇಲ್ಲ.
ಕಲಬುರಗಿಯೊಳಗ, ತೊಗರಿ ಇಲ್ಲ!

ಸಂಜೀಕ ಸಿಕ್ಕಿತು, ಟಗರಿ ಅಂತ ಹೆಸರಿಟ್ಟುಕೊಂಡು.
ಟಗರಿ ದರ ತಾ. ಟಗರಿ ಚೀಲ ಎಣಿಸು.
ಟಗರಿ ಸಿಗದಿದ್ದರ ಹಿಂಗ ಅಳು.
ಎಪ್ಪತ್ಮೂರು ಕಡೆ,
ಒಂದಿಷ್ಟೂ ನಗದ ಯಂತ್ರ ನಿಷ್ಠೆಯಿಂದ ಬರದಿತ್ತು.

ಹೇಳಿದ ಮಾತು ಮೀರಿ ಕೈ ಹಚ್ಚಿದೆ, ಎಲ್ಲಾ ತಿದ್ದಿದೆ.
ಮುಂದಿನ ಸೋಮವಾರ ನಕಾಶಿ ಬದಲಾತು,
ಯಂತ್ರ ಮತ್ತ ಓಡಿತು,
ನನ್ನ ತಿದ್ದುಪಡಿ ಹೊಟ್ಟಿನಂಗ ಹಾರಿಹೋತು.
ಟಗರಿ ಅಲ್ಲೇ ನಿಂತಿತ್ತು, ಕೋಡು ಮುಂದ ಮಾಡಿ.

ಆಗ ಅನಸ್ತು, ಇದು ಯಂತ್ರದ ತಪ್ಪಲ್ಲ.
ಇಲಾಖೆಯೊಳಗ ಯಾವನೋ, ಯಾವಾಕಿಯೋ,
ಡಬ್ಬಿ ಬಿಚ್ಚೂ ಹೊತ್ತಿನ್ಯಾಗ ಅವಸರಕ್ಕ ಬಿದ್ದು
ಒಂದು ಅಕ್ಷರ ಜಾರಿಸ್ಯಾರ.
ಆರುನೂರು ಫೈಲಿನ್ಯಾಗ
ಮನಷಾನ ಬೆರಳು ಮೂಡಿದ್ದು ಅದೊಂದೇ ಜಾಗ.

ಮುಂದ ನಾ ಅದನ್ನ ಮುಟ್ಟಲಿಲ್ಲ.
ಬಾಜೂಕ ಒಂದು ಸಣ್ಣ ಫೈಲು ತೆರದು
ಒಂಬತ್ತು ಸಾಲು ಬರದೆ.
ಹೊರಗಿಂದ ಕರದರ ತೊಗರಿ, ಒಳಗ ಟಗರಿ.
ನೆತ್ತಿ ಮ್ಯಾಲ ಹಾಕಿದೆ:
ಇದು ಜಗದೇವಿ ಕೈಲೆ ಬರದದ್ದು.
ತಪ್ಪಿದ್ದರ ತಿದ್ರಿ.

ಹನ್ನೊಂದಕ್ಕ ಬೋರ್ಡ್ ಹತ್ತಿತು.
ಬೆನ್ನ ಮ್ಯಾಲ ಚೀಲ ಹೊತ್ತಂಗೇ ಲಾಡ್ಲೇಸಾಬ
ಕತ್ತು ಹೊರಳಿಸಿ ಓದಿದ:
"ನಿನ್ನಿಗಿಂತ ಮೂವತ್ತು ಕಮ್ಮಿ."

ಸಾವ್ಕಾರ ಕನ್ನಡಕ ಏರಿಸಿ
ಎರಡು ಸಲ ನೋಡಿದರು,
ಖಾತ್ರಿ ಆಗಲಿ ಅಂತ
ಫೋನ್ ಹಚ್ಚಿದರು.