ಯಾವ ಸಿಳ್ಳೆ?

ಪುಂತಾ ಅರೇನಾಸ್‌ನಲ್ಲಿ ಗಾಳಿ ಬೀಸುವುದಲ್ಲ, ನೂಕುವುದು.
ಬೀದಿಯ ತಿರುವಿಗೊಂದು ಹಗ್ಗ ಕಟ್ಟಿದ್ದಾರೆ
ನಡೆಯುವವರು ಹಿಡಿದುಕೊಳ್ಳಲಿ ಎಂದು.
ಅಂಥ ಊರಿನ ಶಾಲೆಯಲ್ಲಿ ನಾನು ಹಂಚಬೇಕಾದ ಪ್ರಶ್ನೆ:
‘ಕಳೆದ ಹನ್ನೆರಡು ತಿಂಗಳಲ್ಲಿ
ನಿನ್ನ ಎದೆಯೊಳಗೆ ಸಿಳ್ಳೆ ಕೇಳಿಸಿತೇ?’

ನಕ್ಕರು.
ಹಿಂದಿನ ಸಾಲಿನ ಎಲಿಸೆಯೊ ಬರಿಯಾ ಎದ್ದ:
‘ಇಲ್ಲಿ ಕಿಟಕಿಗೂ ಸಿಳ್ಳೆ, ಕೆಟಲಿಗೂ ಸಿಳ್ಳೆ,
ತಗಡಿನ ಮಾಡಿಗಂತೂ ಕೇಳಲೇಬೇಡಿ.
ಯಾವುದಕ್ಕೆ ಗುರುತು ಹಾಕಲಿ, ಸಿಸ್ಟರ್?’

ವಿವರಿಸುವಂತಿಲ್ಲ. ನಿಯಮ.
ಇಬಾದಾನಿನಲ್ಲಿ, ತಿರಾನಾದಲ್ಲಿ,
ನಾನು ಹೆಸರೂ ಕೇಳದ ಊರುಗಳಲ್ಲಿ
ತಮ್ಮ ತಮ್ಮ ನುಡಿಯಲ್ಲಿ ಇದನ್ನೇ ಓದುತ್ತ
ಮಕ್ಕಳು ಪೆನ್ಸಿಲ್ ಕಚ್ಚುತ್ತಿರಬಹುದು.
ನಾನೊಂದು ಮಾತು ಹೆಚ್ಚಾಡಿದರೆ
ತಕ್ಕಡಿ ಅಷ್ಟು ವಾಲುತ್ತದೆ.

ನಯಾದೆತ್ ಓಯಾರ್ಸೊ ಮೇಜಿನ ಹತ್ತಿರ ಬಂದಳು.
‘ನಾನು ನಿದ್ದೆಯಲ್ಲಿರ್ತೀನಿ. ಕೇಳಿಸೋದು ಅಮ್ಮನಿಗೆ.
ಅಮ್ಮನ ಕಿವಿಗೆ ಚೌಕ ಎಲ್ಲಿದೆ?’
ಇಲ್ಲ ಮಗೂ, ಅಂದೆ. ಅಷ್ಟೇ ಅಂದದ್ದು.
ಅವಳು ಬಹಳ ಹೊತ್ತು ಪೆನ್ಸಿಲ್ ಚೂಪು ಮಾಡಿದಳು.

ಹಾಳೆಗಳು ಮೂವತ್ತೊಂದು.
ಹಾಜರಿ ಪುಸ್ತಕದಲ್ಲಿ ಮೂವತ್ತೆರಡು ಹೆಸರು.
‘ದಾಮಿಯಾನ್ ಬರಲ್ಲ.
ರಾತ್ರಿಯೆಲ್ಲ ಕೂತೇ ಇದ್ನಂತೆ,
ಮಲಗಿದರೆ ಉಬ್ಬಸ.’
ನನ್ನ ಬಳಿ ಅವನಿಗಿರುವ ಕಾಲಂ ಒಂದೇ: ಗೈರು.

ಬರೆದೆ.
ಆಮೇಲೆ ಖಾಲಿ ಹಾಳೆಯೊಂದನ್ನು ಕೋಟಿನೊಳಗೆ ಸಿಕ್ಕಿಸಿ
ಹಗ್ಗ ಹಿಡಿದು ಅವನ ಮನೆಯ ಏರು ಹತ್ತಿದೆ.
ಅರ್ಧದಲ್ಲಿ ನಿಂತೆ, ಉಸಿರಿಗೆ.
ಸಿಳ್ಳೆ ಕೇಳಿಸಿತು.
ಗಾಳಿಯದೇ ಇರಬೇಕು.