ನೀಲಿ ಜಾಸ್ತಿಯಾಗಿದೆ

ಸಾಂತಿಯಾಗೊದಿಂದ ಕಾರ್ತಹೇನಾ ಕಡಲಿಗೆ
ಎರಡು ಗಂಟೆಯ ಬಸ್ಸು.
ಕಲ್ಲಂಗಡಿಗೂ ಒಂದು ಟಿಕೆಟ್ ತೊಗೊಳ್ಳಿ ಎಂದ ಡ್ರೈವರು.
ಊಬೆರ್ಲಿಂಡಾ ಅದನ್ನು ಮಡಿಲಲ್ಲಿಟ್ಟು, ಸವರುತ್ತ,
'ಇದಕ್ಕಿನ್ನೂ ಏಳು ತಿಂಗಳು' ಎಂದಳು.
ಅವಳಿಗೆ ಅರುವತ್ತೊಂದು.
ಬಸ್ಸಿಗೆ ಬಸ್ಸೇ ನಕ್ಕಿತು.

ನಾವು ನಾಲ್ವರು ಆಸ್ಪತ್ರೆಯ ನೆಲಮಾಳಿಗೆಯವರು.
ಮೇಲಿನ ಏಳು ಅಂತಸ್ತಿನ ರಕ್ತ, ಅಯೋಡಿನ್, ಚೆಲ್ಲಿದ ಗಂಜಿ
ಒಂದೇ ಕೊಳವೆಯಲ್ಲಿ ಜಾರಿ
ನಮ್ಮ ಮುಂದೆ ದೊಪ್ಪೆಂದು ಬೀಳುತ್ತದೆ.
ಒಗೆಯುವ ಮೊದಲು ಜೇಬು ತಡಕಬೇಕು:
ಪೆನ್ನು, ಬಸ್ ಚೀಟಿ, ಅರ್ಧ ಚಾಕಲೇಟು,
ಒಮ್ಮೆ ಒಂದು ಮದುವೆಯುಂಗುರ.
ಅದನ್ನು ಕೇಳಿಕೊಂಡು ಯಾರೂ ಕೆಳಗಿಳಿದು ಬರಲಿಲ್ಲ.

ಸಮುದ್ರ ಕಂಡದ್ದೇ ಎರ್ಸಿಲಿಯಾ ಸೊಂಟಕ್ಕೆ ಕೈಯಿಟ್ಟು ನಿಂತಳು.
'ಸೋಪು ಹೆಚ್ಚು. ನೀಲಿಯೂ ಜಾಸ್ತಿಯಾಗಿದೆ.
ಎಷ್ಟು ಜಾಲಿಸಿದರೂ ನೊರೆ ಹೋಗುತ್ತಿಲ್ಲ,
ಇದನ್ನು ನೆನೆಹಾಕಿ ಹೋದವರು ಯಾರು?'

ಒಬ್ಬರಿಗೂ ಈಜು ಬಾರದು.
ಪ್ಯಾಂಟು ಮಡಚಿ ಕಾಲಿಟ್ಟರೆ, ಅಯ್ಯೋ ದೇವರೇ,
ದಕ್ಷಿಣದ ಹಿಮವೆಲ್ಲ ಇಲ್ಲಿಗೇ ಕರಗಿ ಬಂದಂತೆ
ಹಿಮ್ಮಡಿಯಿಂದ ಹಲ್ಲಿನವರೆಗೂ ಜುಮ್ಮೆಂದಿತು.
ಬೆನ್ನ ಮೇಲೆ ಮಾತ್ರ ಜನವರಿಯ ಸುಡುಬಿಸಿಲು.
ಕಿರುಚಿದೆವು. ಯಂತ್ರಗಳ ಸದ್ದಿನ ನಡುವೆ
ದಿನವೂ ಕಿರುಚಿಯೇ ಮಾತಾಡುವವರು;
ಇವತ್ತು ಮಾತಿಲ್ಲದೆ ಬರೀ ಕಿರುಚಿದೆವು.

ಅಲೆ ಸೋಕುವ ಅಂಚಿನಲ್ಲಿ ಮರಳು ಬಗೆದು
ತಂಪಾಗಲೆಂದು ಕಲ್ಲಂಗಡಿ ಹೂತೆವು.
ಗುರುತಿಗೆ ನೋಲ್ಫಾಳ ಎಡಗಾಲಿನ ಚಪ್ಪಲಿ.
ಬೇಯಿಸಿದ ಮೊಟ್ಟೆ, ಟೊಮೇಟೊ, ಕಾಗದದ ಪೊಟ್ಟಣದಲ್ಲಿ ಉಪ್ಪು.
ಬೇಡವೆಂದರೂ ಮರಳು ಎಲ್ಲದರ ಜೊತೆ ಬಾಯಿಗೆ ಬಂತು.

ಆಗ ಬಂದ, ಬಿಳಿ ಕೋಟಿನವನು.
ನಾಲ್ವರೂ ತಟ್ಟನೆ ಬೆನ್ನು ನೆಟ್ಟಗೆ ಮಾಡಿದೆವು
ಡಾಕ್ಟರೆಂದು.
'ಮೊಟ್ಟೆ ಬನ್ನೂ, ಬಿಸೀ ಮೊಟ್ಟೆ ಬನ್ನೂ' ಎಂದು
ಕೂಗಿದರು ಡಾಕ್ಟರು.
ಈ ತೀರದಲ್ಲಿ ಬನ್ನು ಮಾರುವವರ ಉಡುಪೇ ಅದು, ಮರೆತಿದ್ದೆವು.

ಎದೆಯ ಮೇಲೊಂದು ಕಾಫಿಯ ಕಲೆ.
ನೋಲ್ಫಾಗೆ ತಡೆಯಲಾಗಲಿಲ್ಲ. 'ಬಿಚ್ಚಯ್ಯ ಅದನ್ನ.'
ಬೆಪ್ಪಾಗಿ ಬಿಚ್ಚಿ ಕೊಟ್ಟ.
ಅವಳು ಮೊದಲು ಜೇಬು ತಡಕಿದಳು:
ಚಿಲ್ಲರೆ, ಬಾಚಣಿಗೆ,
ಉಗುರಗಲದ ಒಂದು ಫೋಟೋ, ಹೆಣ್ಣುಮಗು.
ಅದನ್ನು ನನ್ನ ಕೈಗಿತ್ತಳು, ಒಣಗಿದ ಕೈ ನನ್ನದೊಂದೇ.
ಉಪ್ಪುನೀರಲ್ಲಿ ಕುಕ್ಕಿದಳು, ಹಿಂಡಿದಳು.
ಕಲೆ ಹೋಗಲಿಲ್ಲ. ಅಗಲವಾಯಿತು, ಕೊಂಚ ತೆಳುವಾಯಿತು.
'ಮಗಳಾ?' ಎಂದೆ.
'ಆಗಿನದು' ಎಂದ.
ಜೇಬಲ್ಲಿ ಸಿಕ್ಕಿದ್ದನ್ನು ಲಕೋಟೆಗೆ ಹಾಕಬೇಕು, ಓದಬಾರದು:
ನೆಲಮಾಳಿಗೆಯ ನಿಯಮ.
ಮುಂಗೈ ಒರೆಸಿಕೊಂಡು ಫೋಟೋ ಇಸಿದುಕೊಂಡ.
ನಾಲ್ಕು ಬನ್ನಿಗೆ ಕಾಸು ಒಲ್ಲೆನೆಂದ.
ಒದ್ದೆ ಕೋಟು ತೊಟ್ಟೇ ಕೂಗುತ್ತ ನಡೆದ.

ತಿರುಗಿ ನೋಡಿದರೆ ಚಪ್ಪಲಿ ಇಲ್ಲ.
ಚಪ್ಪಲಿ ಇದ್ದ ದಡವೇ ಇಲ್ಲ.
ಮಂಡಿಯೂರಿ ಬಗೆದೆವು.
ಪಕ್ಕದ ಕೊಡೆಯ ಸಂಸಾರವೂ ಬಂತು, ಅವರ ನಾಯಿಯೂ.
ಏಡಿಯ ಚಿಪ್ಪು, ಸೀಸೆಯ ಮುಚ್ಚಳ,
ಯಾರದೋ ಮಗುವಿನ ಬಲಗಾಲಿನ ಬೂಟು.
ಎರ್ಸಿಲಿಯಾ ತೋಳುದ್ದ ಕೈ ಇಳಿಸಿ ತಡಕಿದಳು,
'ಎಂಥಾ ಜೇಬಪ್ಪಾ ಇದು, ತಳವೇ ಹೊಲಿದಿಲ್ಲ.'

ಕಡೆಯ ಬಸ್ಸು ಎಂಟಕ್ಕೆ.
ನೋಲ್ಫಾ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಹತ್ತಿದಳು.
ಬೆಳಗಿನ ಡ್ರೈವರೇ. ಊಬೆರ್ಲಿಂಡಾಳ
ಬರಿದಾದ ಮಡಿಲು ನೋಡಿ ಹುಬ್ಬೇರಿಸಿದ.
'ಹೆತ್ತೆ' ಎಂದಳು, 'ಅವರಪ್ಪನ ಹತ್ತಿರ ಬಿಟ್ಟು ಬಂದೆ.'

ಮೆಲಿಪಿಯಾ ದಾಟುವಾಗ ಕತ್ತಲಾಯಿತು.
ಉಪ್ಪು ಒಣಗಿ ಮೊಣಕಾಲು ಬಿಗಿಯುತ್ತಿತ್ತು.
ಬೆಳಿಗ್ಗೆ ಆರಕ್ಕೆ ಡ್ಯೂಟಿ, ಯಾರೂ ಅದರ ಮಾತೆತ್ತಲಿಲ್ಲ.
ನನ್ನ ಭುಜದ ಮೇಲೆ ಎರ್ಸಿಲಿಯಾಳ ಗೊರಕೆ.
ಎಲ್ಲರಿಗೂ ನಿದ್ದೆಯೆಂದುಕೊಂಡಾಗ
ಹಿಂದಿನ ಸೀಟಿನಿಂದ ಊಬೆರ್ಲಿಂಡಾ, ತನಗೇ ಎಂಬಂತೆ:
'ಈಗ ಚೆನ್ನಾಗಿ ತಂಪಾಗಿರುತ್ತೆ.'